ನಿಮಗಿದು ಗೊತ್ತೆ? ದೋಣಿಯ ಬಿಳಿ ಸೀಟಿಗೆ ಗುಲಾಬಿ ಕಲೆ!

ಸ್ಪೀಡ್‌ಬೋಟಿನ ಬಿಳಿ ವಿನೈಲ್ ಸೀಟಿನ ಮೇಲೆ ಕೆಲವೊಮ್ಮೆ ಗುಲಾಬಿ ಕಲೆ ಮೂಡುತ್ತದೆ. ಎಷ್ಟು ಉಜ್ಜಿದರೂ ಜಪ್ಪಯ್ಯ ಅನ್ನುವುದಿಲ್ಲ. ಏಕೆಂದರೆ ಅದು ಮೇಲೆ ಕೂತ ಕೊಳೆಯೇ ಅಲ್ಲ. ಒಳಗಿನ ಒದ್ದೆ ಫೋಮು, ಹಿಂಬದಿಯ ಬಟ್ಟೆಯಲ್ಲಿ ಬೆಳೆದ ಸೂಕ್ಷ್ಮಜೀವಿಗಳು ಬಿಟ್ಟ ಬಣ್ಣ ವಿನೈಲ್‌ನೊಳಗಿಂದ ಹಾದು ಮೇಲೆ ಬಂದಿರುತ್ತದೆ.

ವಿನೈಲ್ ಎಂದರೆ ಪಿವಿಸಿ. ಸ್ವಭಾವತಃ ಗಡುಸು, ನೀರಿನ ಪೈಪು ಆಗುವುದೂ ಅದರಿಂದಲೇ. ಅದನ್ನು ಮೆತ್ತಗೆ ಮಾಡುವುದು ಪ್ಲಾಸ್ಟಿಸೈಸರ್ ಎಂಬ ಎಣ್ಣೆಯಂಥ ದ್ರವ. ಅಮೆರಿಕದ ರಸಾಯನ ವಿಜ್ಞಾನಿ ವಾಲ್ಡೊ ಸೆಮನ್ 1926ರಲ್ಲಿ ಕಂಡುಕೊಂಡ ಉಪಾಯವಿದು. ಕಲೆ ತೆಗೆಯಲೆಂದು ಅಸಿಟೋನ್, ಥಿನ್ನರ್ ಸೋಕಿಸಿದರೆ ಈ ದ್ರವವೇ ಕರಗಿ ಹೊರಬರುತ್ತದೆ. ಅಂದು ಫಳಫಳ ಹೊಳೆದ ಸೀಟು ಕ್ರಮೇಣ ಗಟ್ಟಿಯಾಗಿ ಬಿರಿಯುತ್ತದೆ. ಬ್ಲೀಚ್ ಪದೇ ಪದೇ ಬಿದ್ದರೆ ಹೊಲಿಗೆಯ ದಾರವೂ ಸಡಿಲ. ಇನ್ನು, ಕಲೆ ಮಾಯ ಮಾಡುತ್ತದೆಂದು ಮಾರುವ ಮೆಲಮೈನ್ ಸ್ಪಂಜು? ಅದು ನಯವಾದ ಸ್ಯಾಂಡ್‌ಪೇಪರ್ ಅಷ್ಟೆ, ಮೇಲ್ಪದರವನ್ನೇ ಸವೆಸುತ್ತದೆ.

ಮೇಲಿನ ಸಾಮಾನ್ಯ ಕೊಳೆಗೆ ಬೆಚ್ಚಗಿನ ನೀರು, ಸೌಮ್ಯ ಸೋಪು, ಮೆದು ಬ್ರಷ್ ಸಾಕು. ತೊಳೆದ ಮೇಲೆ ಒಣಬಟ್ಟೆಯಲ್ಲಿ ಒರೆಸುವುದು ಮುಖ್ಯ. ಕ್ಲೀನರ್ ಡಬ್ಬಿ ಕೊಳ್ಳಲೇಬೇಕೆಂದರೆ ‘ಮರೀನ್’ ಎಂಬ ದಪ್ಪಕ್ಷರಕ್ಕೆ ಮರುಳಾಗದೆ ಹಿಂಬದಿಯ ಸಣ್ಣಕ್ಷರ ಓದಿ, ಕಣ್ಣಿಗೆ ಬೀಳದ ಮೂಲೆಯಲ್ಲಿ ಹಚ್ಚಿ ನೋಡಿ. ಬ್ಲೀಚಿಗೆ ಅಮೋನಿಯಾ ಬೆರೆಸಲೇಬೇಡಿ. ಏಳುವ ಕ್ಲೋರಮೈನ್ ಅನಿಲ ಶ್ವಾಸಕೋಶಕ್ಕೆ ಅಪಾಯ. ಪರಿಸರಸ್ನೇಹಿ ಸೋಪಿನ ನೊರೆಯೂ ಮೀನಿನ ಕಿವಿರಿಗೆ ಒಳ್ಳೆಯದಲ್ಲ. ದೋಣಿಯನ್ನು ದಡಕ್ಕೆಳೆದೇ ತೊಳೆಯಿರಿ.