ಹಲ್ಲುಗಳ ನಡುವೆ ಪಿನ್ ಬೇಡ

ಕೆಲವು ವರ್ಷಗಳ ಹಿಂದೆ ತಾಯಿಯೊಬ್ಬರು ಹದಿಹರೆಯದ ಮಗಳನ್ನು ನನ್ನ ದವಾಖಾನೆಗೆ ಕರೆತಂದರು. ಎರಡು ವಾರಗಳಿಂದ ಕೆಮ್ಮು. ಜ್ವರವಿಲ್ಲ, ನೆಗಡಿಯಿಲ್ಲ. ಜೋಶಾಂದಾ ಬರೆದುಕೊಟ್ಟೆ. ವಾರ ಕಳೆದರೂ ಕೆಮ್ಮು ಹೋಗಲಿಲ್ಲ.

"ಕೆಮ್ಮು ಶುರುವಾದಾಗ ಏನು ಮಾಡುತ್ತಿದ್ದೆ?" ಎಂದು ಕೇಳಿದಾಗ ಹುಡುಗಿ ತಲೆ ತಗ್ಗಿಸಿದಳು. ಹಿಜಾಬ್ ಕಟ್ಟುವಾಗ ಪಿನ್ ಹಲ್ಲುಗಳ ನಡುವೆ ಹಿಡಿದಿದ್ದಳು. ತಂಗಿ ಏನೋ ಹೇಳಿ ನಗಿಸಿದಳು, ಪಿನ್ ಒಳಗೆ ಹೋಯಿತು. ಬೈಗುಳಕ್ಕೆ ಹೆದರಿ ಯಾರಿಗೂ ಹೇಳಿರಲಿಲ್ಲ. ಎಕ್ಸ್-ರೇಯಲ್ಲಿ ಬಲಭಾಗದ ಶ್ವಾಸನಾಳದೊಳಗೆ ಪಿನ್ ಕಂಡಿತು. ಆ ಪ್ರಶ್ನೆಯನ್ನು ನಾನು ಮೊದಲ ದಿನವೇ ಕೇಳಬೇಕಿತ್ತು.

ಟರ್ಕಿ, ಈಜಿಪ್ಟ್, ಮಲೇಷ್ಯಾಗಳ ವೈದ್ಯರು ಇಂತಹ ಅನೇಕ ಪ್ರಕರಣಗಳನ್ನು ದಾಖಲಿಸಿದ್ದಾರೆ. ಎರಡೂ ಕೈಗಳು ಬಟ್ಟೆ ಹಿಡಿದಿರುವಾಗ ಪಿನ್ ಬಾಯಿಗೆ ಹೋಗುತ್ತದೆ. ನಕ್ಕಾಗ, ಮಾತನಾಡಿದಾಗ, ಕೆಮ್ಮಿದಾಗ ಉಸಿರಿನೊಂದಿಗೆ ಒಳಗೆ ಸರಿಯುತ್ತದೆ. ಬಲ ಶ್ವಾಸನಾಳವು ಎಡದ್ದಕ್ಕಿಂತ ಅಗಲ ಮತ್ತು ನೇರವಾಗಿರುವುದರಿಂದ ವಸ್ತುಗಳು ಹೆಚ್ಚಾಗಿ ಅಲ್ಲಿಗೇ ಇಳಿಯುತ್ತವೆ.

ಮೊದಲಿಗೆ ಜೋರಾದ ಕೆಮ್ಮು ಬರುತ್ತದೆ, ಆಮೇಲೆ ಎಲ್ಲವೂ ಶಾಂತ. ಈ ಶಾಂತಿಯೇ ಮೋಸ. ಅನಂತರ ಕೆಮ್ಮಿನಲ್ಲಿ ರಕ್ತ, ಪದೇ ಪದೇ ನ್ಯುಮೋನಿಯಾ ಬರಬಹುದು. ಪುಟ್ಟ ಮಕ್ಕಳಲ್ಲಿ ಶೇಂಗಾ, ಬಾದಾಮಿ ಚೂರುಗಳೂ ಹೀಗೆಯೇ ಸಿಕ್ಕಿಕೊಳ್ಳುತ್ತವೆ. ಪಿನ್ ಎಕ್ಸ್-ರೇಯಲ್ಲಿ ಕಾಣುತ್ತದೆ, ಶೇಂಗಾ ಸಾಮಾನ್ಯವಾಗಿ ಕಾಣುವುದಿಲ್ಲ. ಆದ್ದರಿಂದ ಮನೆಯವರು ಹೇಳುವ ಮಾತೇ ವೈದ್ಯರಿಗೆ ದೊಡ್ಡ ಸುಳಿವು.

ಇಂತಹ ಸಂದರ್ಭದಲ್ಲಿ ಹೀಗೆ ಮಾಡಿ:

* ರೋಗಿಗೆ ಚೆನ್ನಾಗಿ ಕೆಮ್ಮಲು ಸಾಧ್ಯವಿದ್ದರೆ ಕೆಮ್ಮಲು ಬಿಡಿ. ಬಾಯಿಗೆ ಬೆರಳು ಹಾಕಬೇಡಿ.
* ಬಾಳೆಹಣ್ಣು, ಅನ್ನದ ಉಂಡೆ ನುಂಗಿಸಬೇಡಿ. ಅದು ಹೋಗುವುದು ಅನ್ನನಾಳಕ್ಕೆ, ಪಿನ್ ಇರುವುದು ಶ್ವಾಸನಾಳದಲ್ಲಿ.
* ಕೆಮ್ಮಲಾಗದೆ, ಧ್ವನಿ ಹೊರಡದೆ ಉಸಿರುಗಟ್ಟಿದರೆ ಮುಂದಕ್ಕೆ ಬಾಗಿಸಿ, ಭುಜದ ಮೂಳೆಗಳ ನಡುವೆ ಅಂಗೈಯಿಂದ 5 ಬಾರಿ ಬಲವಾಗಿ ತಟ್ಟಿ. ಫಲಿಸದಿದ್ದರೆ ಹಿಂದಿನಿಂದ ತಬ್ಬಿ, ಹೊಕ್ಕುಳಿನ ಮೇಲ್ಭಾಗವನ್ನು 5 ಬಾರಿ ಒಳಕ್ಕೂ ಮೇಲಕ್ಕೂ ಒತ್ತಿ. ಒಂದು ವರ್ಷದೊಳಗಿನ ಶಿಶುವಿಗೆ ಹೊಟ್ಟೆ ಒತ್ತಬಾರದು. ಬೆನ್ನಿಗೆ ತಟ್ಟಿ, ಎದೆಯ ಮಧ್ಯೆ ಒತ್ತಬೇಕು.
* ತಡಮಾಡದೆ 108ಕ್ಕೆ ಕರೆ ಮಾಡಿ. ಕೆಮ್ಮು ನಿಂತರೂ ಆಸ್ಪತ್ರೆಗೆ ಹೋಗಿ.

ಇದಕ್ಕೆ ಯುನಾನಿಯಲ್ಲಿ ಔಷಧಿಯಿಲ್ಲ, ಅಲೋಪತಿಯಲ್ಲಿಯೂ ಮಾತ್ರೆಯಿಲ್ಲ. ಬ್ರಾಂಕೋಸ್ಕೋಪ್ ಎಂಬ ಕೊಳವೆ ಇಳಿಸಿ ವಸ್ತುವನ್ನು ಹೊರತೆಗೆಯಬೇಕು. 1897ರಲ್ಲಿ ಜರ್ಮನಿಯ ವೈದ್ಯ ಗುಸ್ಟಾವ್ ಕಿಲ್ಲಿಯಾನ್ ಹೀಗೆ ಒಂದು ಮೂಳೆಯ ಚೂರನ್ನು ತೆಗೆದಂದಿನಿಂದ ಈ ವಿಧಾನ ಅಸಂಖ್ಯಾತ ಜೀವಗಳನ್ನು ಉಳಿಸಿದೆ. ಅಲ್‌ಹಮ್ದುಲಿಲ್ಲಾಹ್, ನಮ್ಮ ಹುಡುಗಿಯ ಪಿನ್ನೂ ಎದೆ ಕೊಯ್ಯದೆ ಹೊರಬಂತು.

ಕನ್ನಡಿಯ ಬಳಿ ಪಿನ್ ಚುಚ್ಚಿಡಲು ಒಂದು ಪುಟ್ಟ ದಿಂಬು ಇಡಿ. ಚಿಕ್ಕ ಹುಡುಗಿಯರಿಗೆ ಪಿನ್ ಬೇಡದ, ಹೊಲಿದ ಹಿಜಾಬ್ ಸಾಕು. ಎಲ್ಲಕ್ಕಿಂತ ಮುಖ್ಯವಾಗಿ, "ಏನೇ ಆದರೂ ಹೇಳು, ಬೈಯುವುದಿಲ್ಲ" ಎಂದು ಮಗಳಿಗೆ ಇಂದೇ ಹೇಳಿಡಿ.