ಚೆನ್ನೈಯ ಕಡಲಾಮೆಗಳೂ ನಿಸರ್ಗಾಭ್ಯಾಸಿಯ ಶಿಕ್ಷಣವೂ

ಪರಸ್ಥಳದಲ್ಲಿ ನೆಲೆಸಿದ ನಾವು ಆ ಊರಿನ ಬೀದಿಗಳನ್ನೂ ಮಾರುಕಟ್ಟೆಗಳನ್ನೂ ಕ್ರಮೇಣ ಭಾಷೆಯನ್ನೂ ಅರಿತುಕೊಳ್ಳುತ್ತೇವೆ. ಅಲ್ಲಿನ ಮರ, ಹಕ್ಕಿ, ಜಲಚರಗಳ ಪರಿಚಯ ಮಾಡಿಕೊಳ್ಳುವವರು ಮಾತ್ರ ವಿರಳ. ಪ್ರಕೃತಿವಿಜ್ಞಾನವು ಪದವೀಧರರ ಸೊತ್ತೆಂಬ ಭಾವನೆಯೇ ಇದಕ್ಕೆ ಕಾರಣವಾಗಿರಬಹುದು. ಆದರೆ ಶಾಸ್ತ್ರಾಧ್ಯಯನ ಮಾಡದ ನಾಗರಿಕನೂ ತಕ್ಕ ಶಿಕ್ಷಣದಿಂದ ನಿಸರ್ಗಾಭ್ಯಾಸಿಯಾಗಬಲ್ಲನು. ಚೆನ್ನೈಯ ಕಡಲ ಕರೆಯಲ್ಲಿ ನಡೆದುಬಂದಿರುವ ಆಮೆಗಳ ರಕ್ಷಣಕಾರ್ಯವು ಇದಕ್ಕೊಂದು ಒಳ್ಳೆಯ ನಿದರ್ಶನ.

ಈ ಕರೆಗೆ ಆಮೆ ಬರುವುದು ನಿನ್ನೆ ಮೊನ್ನೆಯ ಸಂಗತಿಯಲ್ಲ. ಮರಳಿನಲ್ಲಿ ಮೊಟ್ಟೆ ಹೂಳುವ ಕಡಲಾಮೆಯ ಮಾತು ಸಂಘಕಾಲದ ‘ಅಗನಾನೂರು’ ಸಂಕಲನದಲ್ಲಿಯೇ ಬಂದಿದೆ. ತಮಿಳಿನ ‘ಆಮೈ’ಯೂ ನಮ್ಮ ‘ಆಮೆ’ಯೂ ಒಂದೇ ಮೂಲದವು. ಹೀಗೆ ಬರುವ ಆಮೆಗಳಲ್ಲಿ ಮುಖ್ಯವಾದುದು ಆಲಿವ್ ರಿಡ್ಲಿ ಎಂಬ ಜಾತಿ. ಉತ್ತರ ಕನ್ನಡದ ತೀರದಲ್ಲಿ ಮೊಟ್ಟೆಯಿಡುವುದೂ ಇದೇ. 1970ರ ದಶಕದ ಮೊದಲ ವರ್ಷಗಳಲ್ಲಿ ರಾಮ್ಯುಲಸ್ ವಿಟೇಕರರೂ ಅವರ ಸಂಗಡಿಗರೂ ಮದರಾಸಿನ ತೀರದಲ್ಲಿ ರಾತ್ರಿ ನಡೆದು ಗೂಡುಗಳನ್ನು ಹುಡುಕತೊಡಗಿದರು. 1988ರಲ್ಲಿ ವಿದ್ಯಾರ್ಥಿಗಳು ತಮ್ಮದೇ ಆದ ಕಡಲಾಮೆ ಸಂರಕ್ಷಣ ಸಂಘವನ್ನು ಕಟ್ಟಿ ಆ ಕೆಲಸವನ್ನು ಕೈಗೆತ್ತಿಕೊಂಡರು.

ಇಲ್ಲಿನ ಶಿಕ್ಷಣದ ಮೊದಲ ಪಾಠ ನಡಿಗೆ. ಜನವರಿಯಿಂದ ಕೆಲವು ತಿಂಗಳ ಕಾಲ ಸ್ವಯಂಸೇವಕರು ನೀಲಾಂಕರೈ, ಬೆಸೆಂಟ್ ನಗರ ಮೊದಲಾದೆಡೆಗಳ ಮರಳಿನಲ್ಲಿ ನಡುರಾತ್ರಿಯಿಂದ ಮೈಲಿಗಟ್ಟಲೆ ನಡೆಯುತ್ತಾರೆ. ದೀಪ ಹಚ್ಚುವಂತಿಲ್ಲ, ಗದ್ದಲ ಮಾಡುವಂತಿಲ್ಲ. ಇವೆರಡರಿಂದ ತಾಯಾಮೆ ಬೆದರಿ ಮೊಟ್ಟೆಯಿಡದೆಯೇ ಹಿಂದಿರುಗಬಹುದು. ಮರಳಿನ ಮೇಲೆ ಅದು ತೆವಳಿದ ಜಾಡನ್ನು ಕತ್ತಲೆಯಲ್ಲಿ ಗುರುತಿಸುವುದು ಎರಡನೆಯ ಪಾಠ. ಬಂದ ಜಾಡು ಯಾವುದು, ಮರಳಿದ ಜಾಡು ಯಾವುದು, ಗೂಡು ಎಲ್ಲಿರಬಹುದು ಎಂಬುದು ಪುಸ್ತಕದಿಂದ ತಿಳಿಯುವ ವಿಷಯವಲ್ಲ. ಅನುಭವಸ್ಥರ ಜೊತೆಯಲ್ಲಿ ಹಲವು ರಾತ್ರಿ ನಡೆದ ಮೇಲೆ ಕಣ್ಣಿಗೆ ತಾನಾಗಿ ಬರುವ ವಿದ್ಯೆ. ಇದರಲ್ಲಿ ಮೀನುಗಾರರ ತಿಳಿವಳಿಕೆಯೂ ದೊಡ್ಡ ಸಹಾಯ.

ಗೂಡು ಸುಮಾರು ಒಂದೂವರೆ ಅಡಿ ಆಳದ, ಕೊಡದಂತಹ ಗುಳಿ. ಅದರಲ್ಲಿ ನೂರರಷ್ಟು ಮೊಟ್ಟೆಗಳು. ನಾಯಿಗಳ ಮತ್ತು ಕಳ್ಳರ ಭಯವಿರುವಲ್ಲಿ ಇವನ್ನು ತೆಗೆದು ಬೇಲಿಯೊಳಗಿನ ಮರಿಮನೆಗೆ ಸಾಗಿಸುತ್ತಾರೆ. ಮೊಟ್ಟೆಯಿಟ್ಟ ಕೆಲವು ಗಂಟೆಗಳಲ್ಲಿ ಭ್ರೂಣವು ಚಿಪ್ಪಿನ ಒಳಮೈಗೆ ಅಂಟಿಕೊಳ್ಳುವುದರಿಂದ, ಅನಂತರ ಮೊಟ್ಟೆ ಹೊರಳಿದರೆ ಅದು ಸಾಯುತ್ತದೆ. ಆದುದರಿಂದ ಸಾಗಣೆ ಬೇಗ ಮುಗಿಯಬೇಕು; ಹೊಸ ಗುಳಿಯು ಆಳದಲ್ಲಿಯೂ ಆಕಾರದಲ್ಲಿಯೂ ತಾಯಿ ತೋಡಿದಂತೆಯೇ ಇರಬೇಕು. ಮರಳಿನ ಶಾಖವೂ ಗಮನಿಸತಕ್ಕ ವಿಷಯ. ಶಾಖ ಹೆಚ್ಚಿದರೆ ಹೆಣ್ಣುಮರಿಗಳು, ತಗ್ಗಿದರೆ ಗಂಡುಮರಿಗಳು ಅಧಿಕವಾಗುತ್ತವೆ. ಸುಮಾರು ಏಳು ವಾರಗಳಲ್ಲಿ ಹೊರಬರುವ ಮರಿಗಳು ಬೆಳಕಿರುವ ಕಡೆಗೆ ತೆವಳುತ್ತವೆ. ಹಿಂದೆ ಬೆಳಕಿರುತ್ತಿದ್ದುದು ಕಡಲಿನ ದಿಕ್ಕಿನಲ್ಲಿ. ಇಂದು ಬೀದಿಯ ದೀಪಗಳಲ್ಲಿ. ಕೊನೆಯ ಪಾಠ ಅವನ್ನು ನೀರಿಗೆ ತಲುಪಿಸುವುದು.

ಇದೆಲ್ಲವೂ ಅರಣ್ಯ ಇಲಾಖೆಯ ಅನುಮತಿಯಿಂದಲೇ ನಡೆಯತಕ್ಕದ್ದು. 1972ರ ವನ್ಯಜೀವಿ ಸಂರಕ್ಷಣಾ ಶಾಸನದ ಮೇರೆಗೆ ಈ ಆಮೆಯನ್ನಾಗಲಿ ಮೊಟ್ಟೆಯನ್ನಾಗಲಿ ಯಾರೂ ಸ್ವೇಚ್ಛೆಯಿಂದ ಮುಟ್ಟುವಂತಿಲ್ಲ. ಉತ್ಸಾಹಕ್ಕೆ ಮಿತಿಯಿರಬೇಕೆಂಬುದೂ ಶಿಕ್ಷಣದ ಒಂದು ಭಾಗವೇ.

ಆದರೆ ಸ್ವಯಂಸೇವಕನ ನಿಜವಾದ ಆಸ್ತಿ ಅವನ ದಿನಚರಿ. ತಾರೀಖು, ಸ್ಥಳ, ಮೊಟ್ಟೆಗಳ ಸಂಖ್ಯೆ, ಹೊರಬಂದ ಮರಿಗಳು, ದಡಕ್ಕೆ ಬಿದ್ದ ಸತ್ತ ಆಮೆಗಳು: ಎಲ್ಲವನ್ನೂ ಅವನು ಬರೆದಿಡಬೇಕು. ಇದರ ಬೆಲೆ 2025ರ ಜನವರಿಯಲ್ಲಿ ಎಲ್ಲರಿಗೂ ತಿಳಿಯಿತು. ಆ ತಿಂಗಳು ಚೆನ್ನೈಯ ತೀರಕ್ಕೆ ನೂರಾರು ಸತ್ತ ಆಮೆಗಳು ಬಂದು ಬಿದ್ದವು. ಆಮೆ ಉಸಿರಾಟಕ್ಕೆ ನೀರಿನ ಮೇಲಕ್ಕೆ ಬರಲೇಬೇಕು. ಟ್ರಾಲರ್ ಬಲೆಗೆ ಸಿಕ್ಕಿದರೆ ಮುಳುಗಿ ಸಾಯುತ್ತದೆ. ಆಮೆ ಸಾಯುವುದು ಪ್ರತಿವರ್ಷವೂ ಇದ್ದದ್ದೇ ಎಂದು ಯಾರಾದರೂ ಹೇಳಿದರೆ, ಅದಕ್ಕೆ ಉತ್ತರ ಕೊಡಬಲ್ಲದ್ದು ಹಿಂದಿನ ವರ್ಷಗಳ ಲೆಕ್ಕವೊಂದೇ. ಆ ಲೆಕ್ಕವನ್ನು ರಾತ್ರಿ ನಿದ್ದೆಗೆಟ್ಟು ಬರೆದವರಲ್ಲಿ ಅನೇಕರು ಸಂಬಳವಿಲ್ಲದ ವಿದ್ಯಾರ್ಥಿಗಳು.

ಇದೇ ನಗರದ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಬೋಧಿಸಿದ ಬಿ. ಜಿ. ಎಲ್. ಸ್ವಾಮಿಯವರನ್ನು ಇಲ್ಲಿ ಸ್ಮರಿಸುವುದು ಉಚಿತ. ವಿದ್ಯಾರ್ಥಿಗಳೊಡನೆ ಗಿಡಮರಗಳನ್ನು ಹುಡುಕಿ ಅಲೆದ ಅನುಭವವನ್ನು ಅವರು ‘ಹಸುರು ಹೊನ್ನು’ ಗ್ರಂಥದಲ್ಲಿ ಕನ್ನಡಿಗರಿಗೆ ಕೊಟ್ಟರು. 1978ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಸಂದಿತು. ಪರಸ್ಥಳದಲ್ಲಿದ್ದುಕೊಂಡೇ ಆ ನೆಲವನ್ನು ಅರಿತು, ಅರಿತದ್ದನ್ನು ತನ್ನ ನುಡಿಗೆ ತಂದುಕೊಳ್ಳುವ ದಾರಿ ಅದು.

ಕಡಲಿಲ್ಲದ ಊರಿನಲ್ಲಿ ಕೆರೆಯುಂಟು, ಕೆರೆಯಿಲ್ಲದಲ್ಲಿ ಬೀದಿಯ ಮರವಾದರೂ ಉಂಟು. ಒಂದು ಸ್ಥಳವನ್ನು ಆರಿಸಿಕೊಂಡು, ತಿಳಿದವರ ಜೊತೆ ನಡೆದು, ಕಂಡದ್ದನ್ನು ಕಂಡಂತೆ ವರ್ಷವರ್ಷವೂ ಬರೆದಿಡುವವನು ಅಲ್ಲಿ ಎಷ್ಟು ಕಾಲ ಪರಕೀಯನಾಗಿ ಉಳಿದಾನು?