ಕಲ್ಲು, ಫಲಕ ಮತ್ತು ಬಾವುಟಗುಡ್ಡ

ಪುಣೆಯ ಪೇಟೆಗಳಲ್ಲಿ ಹಳೆಯ ಮನೆಗಳ ಗೋಡೆಗೆ ನೀಲಿ ಫಲಕ ಹಾಕಿರುವುದನ್ನು ನಮ್ಮಲ್ಲಿ ಅನೇಕರು ನೋಡಿರಬಹುದು. ಇಂಥವರು ಇಲ್ಲಿ ವಾಸವಾಗಿದ್ದರು ಎಂದು ಎರಡು ಸಾಲು, ಅಷ್ಟೆ. ನಮ್ಮ ಕನ್ನಡ ಕರಾವಳಿಯ ಊರುಗಳಲ್ಲೂ ಇಂಥ ಗುರುತುಗಳಿವೆ. ಆದರೆ ಅಲ್ಲಿ ಗುರುತು ಅಂದರೆ ಫಲಕವೊಂದೇ ಅಲ್ಲ. ಕಲ್ಲು ಇದೆ, ಬುರುಜು ಇದೆ, ಕೆಲವು ಕಡೆ ಬರೀ ಒಂದು ಹೆಸರು ಇದೆ.

ಉಡುಪಿ ಜಿಲ್ಲೆಯ ಬಾರಕೂರನ್ನೇ ತಗೊಳ್ಳಿ. ಒಂದು ಕಾಲಕ್ಕೆ ಆಳುಪರ ರಾಜಧಾನಿ, ಆಮೇಲೆ ವಿಜಯನಗರದವರ ಒಂದು ಪ್ರಾಂತ್ಯದ ಕೇಂದ್ರ. ಇವತ್ತು ಸಣ್ಣ ಊರು. ಅಲ್ಲಿಯ ಶಾಸನಗಳಲ್ಲಿ ಯಾರು ಯಾವ ದೇವರಿಗೆ ಎಷ್ಟು ಗದ್ಯಾಣ, ಎಷ್ಟು ಅಕ್ಕಿ ಬಿಟ್ಟರು ಎಂಬ ಲೆಕ್ಕ, ಕೊನೆಗೆ ಅದಕ್ಕೆ ತಪ್ಪಿದವರಿಗೆ ಶಾಪ. ಕಾಮರ್ಸ್ ಓದುವ ನನಗೆ ಇದು ಖಾತೆಪುಸ್ತಕದ ಹಾಗೇ ಕಾಣುತ್ತದೆ, ಶಾಪವೊಂದನ್ನು ಬಿಟ್ಟು! ಸೆಟ್ಟಿಕಾರರು, ಹಂಜಮಾನದವರು ಎಂಬ ವರ್ತಕ ಸಂಘಗಳ ಹೆಸರೂ ಅಲ್ಲಿ ಬರುತ್ತದೆ. ಹಂಜಮಾನ ಅಂದರೆ ಕಡಲಾಚೆ ವ್ಯಾಪಾರ ಮಾಡುತ್ತಿದ್ದ ಮುಸಲ್ಮಾನ ವರ್ತಕರ ಕೂಟ ಎಂದು ವಿದ್ವಾಂಸರ ಅಭಿಪ್ರಾಯ.

ಕಲ್ಲು ಹೀಗೆ ದಾನ ಕೊಟ್ಟವರನ್ನು ನೆನೆಯುತ್ತದೆ. ಕಂದಾಯ ಕಟ್ಟಿದ ರೈತನಿಗೆ ಬೇರೆ ಗುರುತು ಹುಡುಕಬೇಕು. ಅಂಥದೊಂದು ಮಂಗಳೂರಿನಲ್ಲಿದೆ: ಬಾವುಟಗುಡ್ಡ. ಇಂಗ್ಲಿಷಿನಲ್ಲಿ ಲೈಟ್‌ಹೌಸ್ ಹಿಲ್ ಅನ್ನುತ್ತಾರೆ, ಹಳೆಯ ದೀಪಸ್ತಂಭ ಅಲ್ಲಿರುವುದರಿಂದ. ಅದು ಸರಿ, ಬಾವುಟ ಯಾವುದು?

1834ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಚಿಕ್ಕವೀರರಾಜೇಂದ್ರನನ್ನು ಇಳಿಸಿ ಕೊಡಗನ್ನು ತನ್ನದು ಮಾಡಿಕೊಂಡಿತು. ಅದುವರೆಗೆ ಕೊಡಗಿಗೆ ಸೇರಿದ್ದ ಸುಳ್ಯ, ಪುತ್ತೂರಿನ ಕಡೆಯ ಪ್ರದೇಶವನ್ನು ಕೆನರಾ ಜಿಲ್ಲೆಗೆ ಸೇರಿಸಿದರು. ರಾಜನ ಕಾಲದಲ್ಲಿ ರೈತ ಕಂದಾಯವನ್ನು ಬೆಳೆಯ ರೂಪದಲ್ಲೇ ಕೊಡುತ್ತಿದ್ದ. ಕಂಪನಿ ನಗದು ಕೇಳಿತು. ಕೇಳೋಕೆ ಸಣ್ಣ ಬದಲಾವಣೆ. ಆದರೆ ನಗದು ಬೇಕೆಂದರೆ ಮೊದಲು ಭತ್ತ ಮಾರಬೇಕು. ಕಂತಿನ ಗಡುವು ಬಂದಾಗ ಎಲ್ಲರೂ ಒಟ್ಟಿಗೆ ಮಾರಲು ಹೊರಟರೆ ಬೆಲೆ ಏನಾಗುತ್ತದೆ ಎಂಬುದು ನಮ್ಮ ಅರ್ಥಶಾಸ್ತ್ರದ ಮೊದಲನೇ ಪಾಠ. ಕೊಳ್ಳುವವನು ಹೇಳಿದ್ದೇ ದರ. ಸಾಲದಿದ್ದರೆ ಸಾಲ, ಸಾಲಕ್ಕೆ ಬಡ್ಡಿ. ಹೊಲದಲ್ಲಿ ಬೆಳೆ ಅಷ್ಟೇ ಇದ್ದರೂ ಹೊರೆ ಹೆಚ್ಚಾಯಿತು.

1837ರ ಮಾರ್ಚ್ ಕೊನೆಗೆ ಸುಳ್ಯದ ಕಡೆ ಜನ ಎದ್ದರು. ಮುಂದಾಳು ಕೆದಂಬಾಡಿ ರಾಮಯ್ಯ ಗೌಡರು. ಕೊಡಗಿನ ರಾಜವಂಶದವನೆಂದು ಪುಟ್ಟಬಸಪ್ಪ ಎಂಬವನನ್ನು ಕಲ್ಯಾಣಸ್ವಾಮಿ ಎಂಬ ಹೆಸರಿನಲ್ಲಿ ಮುಂದೆ ನಿಲ್ಲಿಸಿದರು. ಬೆಳ್ಳಾರೆಯ ಖಜಾನೆ ಕೈಗೆ ಬಂತು. ನಂದಾವರದ ಲಕ್ಷ್ಮಪ್ಪ ಬಂಗರಸರೂ ಸೇರಿಕೊಂಡರು. ದಂಡು ಪುತ್ತೂರು, ಬಂಟ್ವಾಳ ದಾಟಿ ಏಪ್ರಿಲ್ 5ಕ್ಕೆ ಮಂಗಳೂರು ಮುಟ್ಟಿತು. ಕಂಪನಿಯ ಧ್ವಜ ಇಳಿಸಿ ತಮ್ಮ ಬಾವುಟ ಏರಿಸಿದ್ದು ಈ ಗುಡ್ಡದ ಮೇಲೆ, ಹೆಸರು ಬಂದದ್ದು ಅದರಿಂದ ಎನ್ನುತ್ತಾರೆ. ಸುಮಾರು 13 ದಿನ ಮಂಗಳೂರು ಅವರ ಕೈಯಲ್ಲಿತ್ತು. 1857ಕ್ಕೆ ಆಗ ಇನ್ನೂ 20 ವರ್ಷ ಬಾಕಿ! ಆಮೇಲೆ ಕಂಪನಿಯ ಸೈನ್ಯ ಬಂತು, ನೇಣುಗಂಬಗಳೂ ಬಂದವು.

ಈ ಹೋರಾಟಕ್ಕೆ ಆ ಕಡೆ ಬಹಳ ಕಾಲ ಇದ್ದ ಹೆಸರು ‘ಕಲ್ಯಾಣಪ್ಪನ ಕಾಟಕಾಯಿ’. ಕಾಟಕಾಯಿ ಅಂದರೆ ಲೂಟಿ, ಪುಂಡಾಟ. ಖಜಾನೆ ಹೋದದ್ದು ನಿಜ, ಕಂಪನಿಯ ಲೆಕ್ಕದಲ್ಲಿ ಅದು ಲೂಟಿಯೇ. ಆ ಖಜಾನೆ ತುಂಬಿದ್ದು ಯಾರ ಭತ್ತದಿಂದ ಅಂತ ಯಾರೂ ಕೇಳಬಾರದೇ? ಗೆದ್ದವರು ಬರೆದ ಜಮಾಖರ್ಚನ್ನು ನಾವು ತಾಳೆ ನೋಡದೆ ಒಪ್ಪಿಕೊಂಡೆವು ಅನ್ನಿಸುತ್ತದೆ ನನಗೆ. ನಿರಂಜನರು ‘ಕಲ್ಯಾಣಸ್ವಾಮಿ’ ಕಾದಂಬರಿ ಬರೆದು ಇನ್ನೊಂದು ಮಗ್ಗುಲು ತೋರಿಸಿದರು.

ಬಾವುಟಗುಡ್ಡದಲ್ಲಿ ರಾಮಯ್ಯ ಗೌಡರ ಪ್ರತಿಮೆ ನಿಂತದ್ದು 2022ರ ನವೆಂಬರಿನಲ್ಲಿ, ಘಟನೆ ನಡೆದು 185 ವರ್ಷಕ್ಕೆ. ಅಲ್ಲಿಯವರೆಗೆ ಗುಡ್ಡದ ಹೆಸರೇ ಫಲಕ. ಪ್ರತಿಮೆ ಬಂದದ್ದು ಸಂತೋಷವೇ. ಆದರೆ ಪ್ರತಿಮೆ ವೀರನನ್ನು ತೋರಿಸೀತು, ನಗದು ಕಂದಾಯವನ್ನು ಹೇಗೆ ತೋರಿಸುತ್ತದೆ? ಅದನ್ನು ನಾವೇ ಓದಿಕೊಳ್ಳಬೇಕು.

ಜೊತೆಗಾರ ಗುಡ್ಡೆಮನೆ ಅಪ್ಪಯ್ಯ ಗೌಡರನ್ನು 1837ರ ಅಕ್ಟೋಬರ್ 31ರಂದು ಮಡಿಕೇರಿ ಕೋಟೆಯಲ್ಲಿ ಗಲ್ಲಿಗೇರಿಸಿದರು. ಅವರ ಪ್ರತಿಮೆಯೂ ಮಡಿಕೇರಿಯಲ್ಲಿದೆ. ಕಲ್ಯಾಣಸ್ವಾಮಿಯನ್ನೂ ಬಂಗರಸರನ್ನೂ ನೇಣು ಹಾಕಿದ್ದು ಮಂಗಳೂರಿನ ಬಿಕರ್ನಕಟ್ಟೆಯಲ್ಲಿ. ಈಗ ಅದು ಬಸ್ಸು ನಿಲ್ಲುವ ಜಾಗ. ಕಂಡಕ್ಟರು ದಿನವೂ ಆ ಹೆಸರು ಕೂಗುತ್ತಾನೆ, ಜನ ಇಳಿದು ಹೋಗುತ್ತಾರೆ.